ಕಾರಿಗೊಂದು ಕಲ್ಲಿನ ಮೆಟ್ಟಿಲು

ನನ್ನ ಪರ್ಸಿನಲ್ಲಿ ಹೆಬ್ಬೆರಳು ದಪ್ಪದ ಒಂದು ಬೋಲ್ಟ್ ಇದೆ. ಹುನಗುಂದದ ಕೋರ್ಟಿನ ಬಾಗಿಲಲ್ಲಿ ಪೊಲೀಸಪ್ಪನ ಕೈಯಲ್ಲಿರುವ ಯಂತ್ರ ನನ್ನ ಚೀಲ ಕಂಡ ಕೂಡಲೇ ಕುಂಯ್‌ಗುಡುತ್ತದೆ. ಮೊದಮೊದಲು ಅವನು ಬೋಲ್ಟನ್ನು ಹೊರಗೆ ತೆಗೆಸಿ, ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಈಗ ಯಂತ್ರ ಕೂಗಿದರೆ “ಬೋಲ್ಟ್ ಅಲ್ರಿ ಮೇಡಂ? ಹೋಗ್ರಿ” ಎಂದು ಬಿಟ್ಟುಬಿಡುತ್ತಾನೆ. ಒಂದು ದಿನ ಮಾತ್ರ ತಡೆಯಲಾರದೆ ಕೇಳಿದ.

“ಇದನ್ನ ಯಾಕ ಹೊತಗೊಂಡ ತಿರಗತೀರಿ?”

“ಬಿದ್ರ ಬೇಕಾಗ್ತದಪಾ.”

“ಏನು ಬಿದ್ರ?”

ಅದನ್ನು ಹೇಳಲು ನಿಂತರೆ ಕೋರ್ಟಿನ ವೇಳೆಯೇ ಮುಗಿದುಹೋಗುತ್ತದೆ. ನಿಮಗಾದರೆ ಹೇಳಬಹುದು, ನೀವು ಪುರಸೊತ್ತು ಮಾಡಿಕೊಂಡು ಓದುವ ಮಂದಿ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಚಿಂತೆ ಮಾಡುವ ಹೆಂಗಸು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿ ಬಂದು, ಬಂದ್ ಮಾಡಿದ್ದನ್ನು ನೋಡಿ, ನೋಡುವ ಗಡಿಬಿಡಿಯಲ್ಲಿ ಬಾಗಿಲಿಗೆ ಕೀಲಿ ಹಾಕುವುದನ್ನೇ ಮರೆತು ಮತ್ತೆ ಬಸ್ ಸ್ಟ್ಯಾಂಡಿಗೆ ಓಡಿದವಳು. ಕೋರ್ಟಿನಲ್ಲಿ ಶಿರಸ್ತೇದಾರಳಾದ ಮೇಲಂತೂ ಚಿಂತೆ ಮಾಡಲು ಸಂಬಳವನ್ನೇ ಕೊಡುತ್ತಿದ್ದಾರೆ. ಯಾವ ಕಾಗದ ಬಂದರೂ ಅಸಲೋ ನಕಲೋ ಎಂದು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. ಇಂಥವಳ ಕೊರಳಿಗೆ ಒಂದು ಹಳೆಯ ಕಾರನ್ನು ಕಟ್ಟಿ, ಅದನ್ನು ಅಸಲಿನಂತೆ ಮಾಡಿಸು ಎಂದಳಲ್ಲ ನಮ್ಮ ಕಮಲಾ ಅತ್ತೆ, ಆಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು?

ಆ ಕಾರು ನಮ್ಮ ಅಜ್ಜನದು. ಅಜ್ಜ ಇಲಕಲ್ಲಿನಲ್ಲಿ ಡಾಕ್ಟರ್ ಆಗಿದ್ದ. ಊರು ಬಿಟ್ಟು ಹೊರಟಿದ್ದ ಯಾರೋ ಕಲ್ಲುಗಣಿಯ ಸಾಹೇಬನಿಂದ ಕೊಂಡದ್ದಂತೆ. ಮೇಲಿನ ಕ್ಯಾನ್ವಾಸ್ ಟಾಪನ್ನು ಕೊಡೆಯಂತೆ ಮಡಚಿ ಹಿಂದಕ್ಕೆ ಒತ್ತಿದರೆ ಇಡೀ ಆಕಾಶ ಒಳಗೆ ಬಂದು ಕೂಡುತ್ತಿತ್ತು. ನಮ್ಮ ಅಜ್ಜಿಗೆ ಅದು ಸೇರುತ್ತಿರಲಿಲ್ಲ. “ತಲಿಮ್ಯಾಲೆ ಸೆರಗಿಲ್ಲದ ಗಾಡಿ” ಎನ್ನುತ್ತಿದ್ದಳು. ಹಿರಿಯರ ಮನೆಯ ಓಣಿ ಬಂತೆಂದರೆ ಕಾರು ನಿಲ್ಲಿಸಿ ಟಾಪು ಎಳೆಸುತ್ತಿದ್ದಳು, ತನ್ನ ಸೆರಗನ್ನೂ ಎಳೆದುಕೊಳ್ಳುತ್ತಿದ್ದಳು. ಓಣಿ ದಾಟಿದ ಮೇಲೆ ಅಜ್ಜ ಟಾಪನ್ನು ಮತ್ತೆ ಇಳಿಸುತ್ತಿದ್ದ. ಅಜ್ಜಿಯ ಸೆರಗೂ ಇಳಿಯುತ್ತಿತ್ತೋ ಇಲ್ಲವೋ, ಹಿಂದಿನ ಸೀಟಿನಲ್ಲಿ ಕೂತ ನಮಗೆ ಕಾಣುತ್ತಿರಲಿಲ್ಲ, ಗಾಳಿಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆವು.

ಕಮಲಾ ಅತ್ತೆ ಅಜ್ಜನ ಒಬ್ಬಳೇ ಮಗಳು, ನಮ್ಮ ಅಪ್ಪನ ತಂಗಿ. ಸಣ್ಣವಳಿದ್ದಾಗ ಜ್ವರ ಬಂತು, ಪೋಲಿಯೊ, ಎಡಗಾಲು ಹೋಯಿತು. ಊರ ಮಂದಿಗೆಲ್ಲ ಔಷಧ ಕೊಡುವ ಅಜ್ಜ ಮಗಳಿಗೆ ಏನೂ ಮಾಡಲಾರದೆ ಹೋದ. ಆ ಸಂಕಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಲಸಿಕೆ ಬಂದಾಗ ಯಾರ ಮನೆಯಲ್ಲಿ ಕೂಸು ಹುಟ್ಟಿತೆಂದು ಕೇಳಿದರೂ ತಾನೇ ಹುಡುಕಿಕೊಂಡು ಹೋಗಿ ಬಾಯಿಗೆ ಹನಿ ಹಾಕಿ ಬರುತ್ತಿದ್ದ.

ಅತ್ತೆಗೆ ಕಾಲಿಗಿಂತ ದೊಡ್ಡ ಕಷ್ಟವೆಂದರೆ ಮಂದಿ ಎತ್ತುವುದು. ಕಾರಿನ ಬಾಗಿಲು ಎತ್ತರದಲ್ಲಿತ್ತು, ಅವಳಿಗೆ ಹತ್ತಲಾಗುತ್ತಿರಲಿಲ್ಲ. ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಿ ಕೂಡಿಸುತ್ತಿದ್ದರು. ಒಂದು ದಿನ, ಹತ್ತೋ ಹನ್ನೊಂದೋ ವರ್ಷದವಳು, ಜೋರಾಗಿ ಅತ್ತುಬಿಟ್ಟಳಂತೆ: “ನಾ ಏನು ಜ್ವಾಳದ ಚೀಲೇನು? ನನ್ನ ಯಾರೂ ಎತ್ತಬ್ಯಾಡ್ರಿ!”

ಬೇರೆ ಊರಿನ ತಂದೆಯಾಗಿದ್ದರೆ ಕಟ್ಟಿಗೆಯದೋ ತಗಡಿನದೋ ಒಂದು ಮೆಟ್ಟಿಲು ಮಾಡಿಸುತ್ತಿದ್ದ. ನಮ್ಮದು ಇಲಕಲ್ಲು. ನಮ್ಮಲ್ಲಿ ಹೊಸ್ತಿಲು ಕಲ್ಲು, ಕಟ್ಟೆ ಕಲ್ಲು, ಮೆಟ್ಟಿಲೆಂದರೂ ಕಲ್ಲೇ. ಕಟ್ಟಿಗೆ ಜಾರುತ್ತದೆ, ತಗಡು ಬಾಗುತ್ತದೆ ಎಂದು ಅಜ್ಜ ಗಣಿಯಿಂದ ಎರಡು ಬೆರಳು ದಪ್ಪದ ಕೆಂಪು ಕಲ್ಲಿನ ಚಪ್ಪಡಿ ಕೊಯ್ಯಿಸಿ ತಂದ. ಅತ್ತೆಯ ಎಡಗಾಲಿಗೆ ಆಸರೆಯಾಗಿ ಕಟ್ಟಿದ್ದ ಕಬ್ಬಿಣದ ಬೂಟು ಜಾರದಿರಲಿ ಎಂದು ಅದರ ಮೈಯನ್ನು ಒಳಕಲ್ಲಿನಂತೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ. ಕಬ್ಬಿಣದ ಚೌಕಟ್ಟಿನಲ್ಲಿ ಅದನ್ನು ಕೂಡಿಸಿ, ಎಡಬಾಗಿಲ ಕೆಳಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದುಕೊಟ್ಟವರು ಗ್ಯಾರೇಜಿನ ಹುಸೇನಸಾಬರು. ಅಂದಿನಿಂದ ಅತ್ತೆ ಯಾರ ಕೈಯನ್ನೂ ಹಿಡಿಯದೆ ಒಂದು ಹೆಜ್ಜೆ ಕಲ್ಲಿಗೆ, ಇನ್ನೊಂದು ಹೆಜ್ಜೆ ಒಳಕ್ಕೆ ಇಟ್ಟು ಮಹಾರಾಣಿಯಂತೆ ಕೂಡುತ್ತಿದ್ದಳು.

ಕಾರಿಗೆ ಕಲ್ಲು ಕಟ್ಟಿದ ಡಾಕ್ಟರ್ ಎಂದು ಊರು ನಕ್ಕಿತು. ಬಾದಾಮಿಗೆ ಬನಶಂಕರಿ ದರ್ಶನಕ್ಕೆ ಹೋದಾಗ ದಾರಿಹೋಕರು ಬಗ್ಗಿ ಬಗ್ಗಿ ಕಾರಿನ ಅಡಿ ನೋಡುತ್ತಿದ್ದದ್ದು ನನಗೇ ನೆನಪಿದೆ. ಯಾರೋ ಒಬ್ಬ, ಇದು ಕಾರು ಹಾರಿಹೋಗದ ಹಾಗೆ ಕಟ್ಟಿದ್ದೇನು ಎಂದು ಕೇಳಿದ್ದ. ಅಜ್ಜ ಗಂಭೀರವಾಗಿ ಹೌದೆಂದಿದ್ದ.

ಅಜ್ಜನ ವಿಚಿತ್ರಗಳ ಬಗ್ಗೆ ಅತ್ತೆ ಇನ್ನೊಂದು ಕತೆ ಹೇಳುತ್ತಿದ್ದಳು. ಕಲ್ಲು ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅಜ್ಜ ಅವಳನ್ನು ಕಾರಿನಲ್ಲಿ ಕೂಡಿಸಿ, ಟಾಪು ಮಡಚಿ, ಅವಳ ಎದುರಿಗೆ ಎಡಬಾಗಿಲಿಂದ ಬಲಬಾಗಿಲಿಗೆ ಅಡ್ಡ ಒಂದು ಹಲಗೆ ಹಾಕಿದ. ಹಲಗೆಯ ಮೇಲೆ ಹಿತ್ತಾಳೆಯ ತಾಟು, ತಾಟಿನ ತುಂಬ ನೀರು. “ಅಳ್ಳಾಡಬ್ಯಾಡ, ಸುಮ್ಮ ಕೂಡು” ಎಂದ. ತಾಟಿನ ನೀರಿನಲ್ಲಿ ಗ್ರಹಣ ನೋಡುವ ಪದ್ಧತಿ ನಿಮಗೆ ಗೊತ್ತಲ್ಲ, ಅತ್ತೆ ಇವತ್ತು ಗ್ರಹಣವೆಂದೇ ತಿಳಿದಳು. ಅಜ್ಜ, ಹುಸೇನಸಾಬರು ಇಬ್ಬರೂ ಕಾರಿನ ಕೆಳಗೆ ನುಗ್ಗಿ ಏನೇನೋ ಬಡಿಯುತ್ತಿದ್ದರು. ಇವಳು ಸೂರ್ಯ ಮುಳುಗುವವರೆಗೂ ನೀರು ನೋಡಿದಳು. ಗ್ರಹಣ ಹಿಡಿಯಲೇ ಇಲ್ಲ. “ನಮ್ಮಪ್ಪಗ ಪಂಚಾಂಗ ಓದಲಿಕ್ಕೆ ಬರತಿರಲಿಲ್ಲವ್ವಾ” ಎಂದು ಅತ್ತೆ ನಗುತ್ತಿದ್ದಳು, ನಾವೂ ನಗುತ್ತಿದ್ದೆವು.

ಅಜ್ಜ ಹೋದ ಮೇಲೆ ಕಾರು ಶೆಡ್ಡು ಸೇರಿತು. ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿದಳು, ಅರ್ಧ ಇಲಕಲ್ಲಿಗೆ ಅಕ್ಕೋರಾದಳು, ನಿವೃತ್ತಳೂ ಆದಳು. ಕಾರಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಹೋದ ವರ್ಷ, ಬಾಗಲಕೋಟೆಯ ನವನಗರದಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆ, ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಇರುವ ಗಾಡಿಗೆ ಬಹುಮಾನವಿದೆ ಎಂದು ಎಲ್ಲಿಂದಲೋ ತಿಳಿದುಕೊಂಡು ನನ್ನನ್ನು ಕರೆಸಿದಳು.

“ಸುಧಾ, ಗಾಡಿ ತಯಾರ್ ಮಾಡಸು. ಕಲ್ಲು ತಗಸಿಬಿಡು.”

“ಕಲ್ಲು ತಗದ್ರ ನೀ ಹೆಂಗ ಹತ್ತತೀ ಅತ್ತಿ?”

“ನಾ ಹತ್ತೂದು ಬ್ಯಾಡ. ಗಾಡಿ ನೋಡಬೇಕು. ನನ್ನ ಸಲುವಾಗಿ ಕೆಟ್ಟ ಗಾಡಿ ಅದು. ಎಲ್ಲಿ ಹೋದ್ರೂ ಮಂದಿ ಗಾಡಿ ನೋಡಲಿಲ್ಲ, ಕಲ್ಲು ನೋಡಿದ್ರು, ಆಮ್ಯಾಲ ನನ್ನ ಕಾಲು ನೋಡಿದ್ರು. ನಾ ಬರೂಕಿಂತ ಮೊದಲ ಅದು ಹೆಂಗ ಚಂದ ಇತ್ತು ಅನ್ನೂದನ್ನ ಒಮ್ಮೆ ನೋಡ್ತೀನಿ.”

ಗಣಿತದ ಅಕ್ಕೋರು ಲೆಕ್ಕ ಮುಗಿಸಿ ಕೆಳಗೆ ಗೆರೆ ಎಳೆದಂತೆ ಮಾತು ಮುಗಿಯಿತು. ಆದರೆ ನನ್ನ ಚಿಂತೆಗೆ ಗೆರೆ ಎಳೆಯುವವರು ಯಾರು? ಆ ತಿಂಗಳಷ್ಟೇ ಎಲುಬಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಇಷ್ಟು ವರ್ಷ ಎಲ್ಲ ಭಾರ ಹೊತ್ತ ಬಲಗಾಲಿನ ಮೊಣಕಾಲೂ ಸವೆದಿದೆ, ಇನ್ನು ಹತ್ತುವುದು ಇಳಿಯುವುದು ಎಷ್ಟು ದಿನವೋ ಹೇಳಲಾಗದು ಎಂದು. ಅತ್ತೆ ತನ್ನ ಕಾಲ ಮೇಲೆ ತಾನೇ ಆ ಕಾರು ಹತ್ತುವುದಿದ್ದರೆ ಈಗಲೇ ಹತ್ತಬೇಕಿತ್ತು. ಈಗಲೇ ಅವಳು ಕಲ್ಲು ತೆಗೆಸು ಎನ್ನುತ್ತಿದ್ದಳು.

ಕಾರನ್ನು ಹುಸೇನಸಾಬರ ಮಗ ರಾಜೇಸಾಬರ ಗ್ಯಾರೇಜಿಗೆ ಸಾಗಿಸಿದೆವು. ರಾಜೇಸಾಬರೂ ಚಿಂತೆಯಲ್ಲಿ ನನಗೇನೂ ಕಡಿಮೆಯವರಲ್ಲ. ಒಂದು ಸ್ಕ್ರೂ ಬಿಚ್ಚಿದರೆ ಅದನ್ನು ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಡಬ್ಬಿ ಎಲ್ಲಿಟ್ಟೆನೆಂದು ಹುಡುಕುವವರು. ನಾವಿಬ್ಬರೂ ಸೇರಿದರೆ ಒಬ್ಬರ ಹೆದರಿಕೆಗೆ ಇನ್ನೊಬ್ಬರು ಗಾಳಿ ಹಾಕಿದಂತೆ. ಸೀಟಿನ ಹೊಲಿಗೆ ಸರಿಯೋ ತಪ್ಪೋ, ದೀಪದ ಗಾಜು ಆ ಕಾಲದ್ದೇ ಹೌದೋ ಎಂದು ಫೋನಿನಲ್ಲಿ ದಿನವೂ ಪಂಚಾಯಿತಿ.

ಎಲ್ಲಕ್ಕಿಂತ ದೊಡ್ಡ ಪಂಚಾಯಿತಿ ಬಣ್ಣದ್ದು. ಅಜ್ಜ ಯಾವಾಗಲೋ ಕಾರಿಗೆ ಕಪ್ಪು ಬಳಿಸಿದ್ದ. ಅಸಲು ಬಣ್ಣ ನೀಲಿ ಎಂದು ಅತ್ತೆ, ಕೆನೆಬಣ್ಣ ಎಂದು ರಾಜೇಸಾಬರು. ಎಲ್ಲಿ ಕೆರೆದರೂ ಕಪ್ಪಿನ ಕೆಳಗೆ ತುಕ್ಕು. ಕೊನೆಗೆ ಕಲ್ಲಿನ ಚೌಕಟ್ಟು ಬಿಚ್ಚಿದ ದಿನ ರಾಜೇಸಾಬರು ಕೂಗಿ ಕರೆದರು. ಚೌಕಟ್ಟು ಒತ್ತಿಕೊಂಡಿದ್ದ ಕಡೆ ಮಾತ್ರ ಎರಡು ಬೆರಳಗಲದ ಪಟ್ಟಿಯೊಂದು ಬಿಸಿಲು ಕಾಣದೆ ಉಳಿದಿತ್ತು, ಹುಣಸೆಯ ಚಿಗುರಿನ ಎಳೆ ಹಸಿರು. ಅಸಲು ಬಣ್ಣವನ್ನು ಇಷ್ಟು ವರ್ಷ ಕಾಯ್ದದ್ದು ಆ ಕಲ್ಲೇ. ಅತ್ತೆ ಬಗ್ಗಿ ಆ ಪಟ್ಟಿಯನ್ನು ಮುಟ್ಟಿ ನೋಡಿದಳು. ನಾನು ಇದೇ ಸಮಯವೆಂದು, “ಅತ್ತಿ, ಕಲ್ಲು ಇರ್ಲೇನು?” ಎಂದೆ.

“ಹಿತ್ತಲದಾಗ ಹಾಕಸು. ಅರಿಬಿ ಒಗೀಲಿಕ್ಕೆ ಛಲೋ ಆಗ್ತದ.”

ಆ ಕಲ್ಲಿನ ಮೇಲೆ ಬಟ್ಟೆ ಬಡಿಯುವುದು ನನಗೆ ಬೇಕಿರಲಿಲ್ಲ. ಇವತ್ತು ಅಮಾವಾಸ್ಯೆ, ಇವತ್ತು ಗೌಂಡಿ ಸಿಗಲಿಲ್ಲ, ಈ ತಿಂಗಳು ಕಲ್ಲು ಹಾಕಬಾರದಂತೆ ಎಂದು ಮುಂದೂಡುತ್ತ ಬಂದೆ. ಕೋರ್ಟಿನಲ್ಲಿ ಇಷ್ಟು ವರ್ಷ ಕೂತದ್ದಕ್ಕೆ ವಾಯಿದೆ ಕೊಡುವ ವಿದ್ಯೆಯಾದರೂ ಬಂದಿತ್ತು.

ಪ್ರದರ್ಶನದ ಮುಂಜಾನೆ ಹಸಿರು ಕಾರು ಲಾರಿ ಏರಿತು, ಜೊತೆಗೆ ರಾಜೇಸಾಬರೂ ಏರಿದರು. ಹಿಂದೆ ನನ್ನ ಸಣ್ಣ ಕಾರಿನಲ್ಲಿ ನಾನು, ಅತ್ತೆ. ಅಮೀನಗಡ ದಾಟುವವರೆಗೆ ಮೋಡದ ಚಿಂತೆ, ಆಮೇಲೆ ಹಗ್ಗದ ಚಿಂತೆ, ಶಿರೂರಿನ ಹತ್ತಿರ ಲಾರಿಯ ಮುಂದೆ ಎಮ್ಮೆಗಳು ಬಂದಾಗ ಎಲ್ಲ ಚಿಂತೆಗಳೂ ಒಟ್ಟಿಗೆ. ಅದರ ಮೇಲೆ ಅತ್ತೆಗೆ ಗೊತ್ತಿಲ್ಲದ ಇನ್ನೊಂದು: ನನ್ನ ಕಾರಿನ ಡಿಕ್ಕಿಯಲ್ಲಿ, ಕೌದಿ ಹೊದ್ದುಕೊಂಡು ಆ ಕಲ್ಲು ಚೌಕಟ್ಟಿನ ಸಮೇತ ಮಲಗಿತ್ತು. ಬಿಸಿಲಿದ್ದರೂ ಕೊಡೆ ಒಯ್ಯುವವಳು ನಾನು. ರಸ್ತೆಯ ಪ್ರತಿ ಉಬ್ಬಿಗೂ ಹಿಂದೆ ಧಡ್ ಎನ್ನುತ್ತಿತ್ತು.

“ಏನದು?” ಅತ್ತೆ ಕೇಳಿದಳು.

“ಸ್ಟೆಪ್ನಿ ಇರಬೇಕು.”

“ಸ್ಟೆಪ್ನಿ ಭಾಳ ಭಾರ ಆಗ್ಯದ” ಎಂದು ಕಿಟಕಿಯಾಚೆ ನೋಡಿದಳು.

ನವನಗರದ ಆ ಸಿಮೆಂಟಿನ ಮೈದಾನದಲ್ಲಿ ಕಾರನ್ನು ಇಳಿಸಿ ನಿಲ್ಲಿಸಿದಾಗ ಒಂದು ಕ್ಷಣ ನನ್ನ ಹೆದರಿಕೆಯೆಲ್ಲ ಹೋಯಿತು. ಅಷ್ಟು ಚಂದವಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ನೋಡಿದ್ದೇ ನೋಡಿದ್ದು. “ಹಿಂಗಿತ್ತು ನೋಡು” ಎಂದಳು. ಅವಳ ಮುಖದಲ್ಲಿ ಸಂತೋಷವೂ ಇತ್ತು, ಯಾರದೋ ಮದುವೆಗೆ ಬಂದು ದೂರ ಕೂತವರ ಕಳೆಯೂ ಇತ್ತು.

ತೀರ್ಪುಗಾರರು ಮೈಸೂರಿನ ಕಡೆಯ ಹಿರಿಯರು, ತೆಳ್ಳಗೆ, ಬೆಳ್ಳಗೆ. ಹೊಲಿಗೆ ನೋಡಿದರು, ಗಾಜು ನೋಡಿದರು, ಬಣ್ಣಕ್ಕೆ ತಲೆದೂಗಿದರು. ರಾಜೇಸಾಬರು ಮನಸ್ಸಿನಲ್ಲೇ ದುವಾ ಹೇಳುತ್ತಿದ್ದರು, ನಾನು ಬನಶಂಕರಿಗೆ ಹರಕೆ ಹೊರುತ್ತಿದ್ದೆ. ತೀರ್ಪುಗಾರರು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಕಾರನ್ನು ಎದುರಿನಿಂದ ನೋಡಿದರು.

“ಗಾಡಿ ಬಲಕ್ಕೆ ವಾಲಿದೆಯಲ್ಲ?”

ನೋಡಿದರೆ ಹೌದು! ಎಡಗಡೆ ಎತ್ತಿಕೊಂಡು ಬಲಗಡೆ ತಗ್ಗಿತ್ತು. ಮೋಡ, ಹಗ್ಗ, ಎಮ್ಮೆ ಎಲ್ಲಕ್ಕೂ ಹೆದರಿದ ನಾನು ಹೆದರದೆ ಬಿಟ್ಟ ಒಂದೇ ಒಂದು ಸಂಗತಿ ಇದು. ರಾಜೇಸಾಬರ ಗ್ಯಾರೇಜಿನ ನೆಲ ನೀರು ಹೋಗಲೆಂದು ಎಡಕ್ಕೆ ಇಳಿಜಾರು. ಅಲ್ಲಿ ಕಾರು ನೆಟ್ಟಗೆ ಕಾಣುತ್ತಿತ್ತು. ಸಪಾಟು ನೆಲಕ್ಕೆ ಬಂದ ಮೇಲೆ ಗುಟ್ಟು ಬಯಲಾಯಿತು.

ತೀರ್ಪುಗಾರರು ಮೊಣಕಾಲೂರಿ ಟಾರ್ಚು ಬಿಟ್ಟು ಚಕ್ರಗಳ ಹಿಂದೆ ಇಣುಕಿದರು. ಗಾಡಿಯ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿಗಳಿರುತ್ತವಲ್ಲ, ಅವನ್ನು ಎಣಿಸಿ, “ಎಡಗಡೆ ಒಂದು ಪಟ್ಟಿ ಹೆಚ್ಚಿಗೆ ಹಾಕಿದ್ದಾರೆ. ಇದು ಕಾರ್ಖಾನೆಯದಲ್ಲ” ಎಂದರು. ರಾಜೇಸಾಬರ ಮುಖ ಬಿಳಿಚಿತು.

“ಅದು... ನಮ್ಮ ಅಬ್ಬಾ ಹಾಕಿದ್ದ್ರಿ ಸಾಹೇಬ್ರ. ನಾ ಹುಟ್ಟಿದಾಗಿಂದ ನೋಡೇನ್ರಿ, ಅದು ಗಾಡೀದ ಅಂತ ತಿಳದಿದ್ದೆ. ಬಿಚ್ಚಿ, ಎಣ್ಣಿ ಹಚ್ಚಿ, ಹಂಗ ಹಾಕಿಬಿಟ್ಟೆ.” ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂದರು. “ಕಲ್ಲಿನ ಭಾರಕ್ಕ ಎಡಕ ಕುಂದ್ರತಿತ್ತು ಅಂತ ಹಾಕಿದ್ದ್ರಿ. ಡಾಕ್ಟರ್ ಸಾಹೇಬ್ರು ಹಟ ಹಿಡಿದಿದ್ರಂತ. ಬರೇ ಕಲ್ಲಿಗೆ ಅಲ್ಲ, ಅಕ್ಕಾರು ಕುಂತಾಗ ಗಾಡಿ ನೆಟ್ಟಗ ನಿಂದರಬೇಕು ಅಂತ. ಅಕ್ಕಾರನ್ನ ಕುಂದರಿಸಿ, ಎದರಿಗೆ ಹಲಗಿ ಇಟ್ಟು, ತಾಟಿನ್ಯಾಗ ನೀರ ತುಂಬಿ, ನೀರು ಸಮ ಬರೂತನಕ ನಮ್ಮ ಅಬ್ಬಾನ್ನ ಬಿಟ್ಟಿಲ್ರಿ ಅವ್ರು.”

ಅತ್ತೆ ಕುರ್ಚಿಯಿಂದ ಎದ್ದು ನಿಂತಳು.

“ಏನಂದಿ ರಾಜೇಸಾಬ? ತಾಟು?”

“ಹೌದ್ರಿ ಅಕ್ಕಾರ. ಹಿತ್ತಾಳಿ ತಾಟು ಅಂತಿದ್ರು ಅಬ್ಬಾ.”

ಅತ್ತೆ ಕಾರಿನವರೆಗೆ ನಡೆದು, ಬಾಗಿಲು ಹಿಡಿದು ನಿಂತಳು. ಮೆಟ್ಟಿಲಿಲ್ಲದ ಬಾಗಿಲು ಅವಳಿಗೆ ಎಷ್ಟು ಎತ್ತರವೆಂದು ನನಗೆ ಅವತ್ತೇ ಸರಿಯಾಗಿ ಕಂಡದ್ದು. ತೀರ್ಪುಗಾರರು ಪಾಪ, ಒಳ್ಳೆಯ ಮನುಷ್ಯ, “ಬೇಕಾದರೆ ನಾವೇ ಎತ್ತಿ ಕೂರಿಸುತ್ತೇವೆ ತಾಯಿ” ಎಂದುಬಿಟ್ಟರು. ಅತ್ತೆಯ ಬೆನ್ನು ಸೆಟೆದದ್ದು ನನಗೆ ಗೊತ್ತಾಯಿತು.

“ಕಲ್ಲು ನನ್ನ ಡಿಕ್ಕಿಯಾಗ ಅದ” ಎಂದೆ. “ಆದರ ಬೋಲ್ಟ್ ಇಲ್ಲ. ತೂತೂ ಮುಚ್ಚ್ಯಾರ.”

ರಾಜೇಸಾಬರು ಅಂಗಿಯ ಜೇಬಿಗೆ ಕೈ ಹಾಕಿದರು. ಕಾಗದದ ಪೊಟ್ಟಣವೊಂದು ಹೊರಬಂತು. “ತೂತು ಬೆಸಿಗಿ ಹಾಕಿಲ್ರಿ ಮೇಡಂ. ಅಬ್ಬಾ ಕೊರದ ತೂತು, ಕೈ ಬರಲಿಲ್ಲ. ಬರೇ ಮೇಣ ತುಂಬಿ ಬಣ್ಣ ಹಚ್ಚೇನಿ. ಮುಂಜಾನಿಂದ ಬೋಲ್ಟ್ ಕಿಸೆದಾಗ ಇಟಗೊಂಡ ಅಂಜಿಕೋತ ಅಡ್ಡಾಡಾಕತ್ತೇನ್ರಿ.”

ಅತ್ತೆ ನನ್ನನ್ನು ನೋಡಿದಳು. “ಸ್ಟೆಪ್ನಿ?” ಎಂದಳು. ನಾನು ಡಿಕ್ಕಿ ತೆಗೆಯಲು ಓಡಿದೆ.

ಸಾವಿರ ಕಣ್ಣುಗಳೆದುರು ಎಳೆ ಹಸಿರು ಕಾರಿಗೆ ಮತ್ತೆ ಕಲ್ಲು ಕಟ್ಟಿದೆವು. ಅತ್ತೆ ಎಡಗೈಯಲ್ಲಿ ಬಾಗಿಲು ಹಿಡಿದು ಬೂಟಿನ ಕಾಲನ್ನು ಕಲ್ಲಿಗಿಟ್ಟಳು. ಬಲ ಮೊಣಕಾಲು ನಡುಗಿತು. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಹೋದವು, “ಮುಟ್ಟಬ್ಯಾಡ” ಎಂದಳು, ಹಿಂದೆ ಬಂದವು. ಉಸಿರು ಹಿಡಿದು ಒಂದೇ ಸಲಕ್ಕೆ ಮೇಲೆ ಎದ್ದಳು, ಒಳಗೆ ಹೋದಳು, ಕೂತಳು. ಕಾರು ಎಡಕ್ಕೆ ಮೆಲ್ಲಗೆ ಇಳಿಯಿತು.

“ಹಲಗಿ ಹಾಕ್ರಿ” ಎಂದಳು.

ಲಾರಿಯ ಹಲಗೆ ಬಂತು. ನಾವು ಬುತ್ತಿಗೆಂದು ತಂದಿದ್ದ ಸ್ಟೀಲಿನ ತಾಟು ಬಂತು. ಅಂಚಿನವರೆಗೆ ನೀರು ಸುರಿದೆ, ಸ್ವಲ್ಪ ಚೆಲ್ಲಿತು. ನೀರು ಹೊಯ್ದಾಡಿ, ಹೊಯ್ದಾಡಿ ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಸುತ್ತಲೂ ಅಂಚಿಗೆ ಒಂದೇ ಸಮ.

ಅತ್ತೆ ತಾಟಿನ ಅಂಚಿನ ಸುತ್ತ ಬೆರಳಾಡಿಸಿದಳು.

“ಗ್ರಹಣ ಇರಲೇ ಇಲ್ಲವ್ವಾ ಅವತ್ತು” ಎಂದಳು. “ನಾ ಕೂತ್ರ ಗಾಡಿ ನೆಟ್ಟಗಿರಬೇಕಂತ ನಮ್ಮಪ್ಪ ನೀರು ನೋಡ್ಲಿಕ್ಕೆ ಹತ್ತಿದ್ದ. ನಾ ಕೆಡಿಸೀನಿ ಅಂದಕೊಂಡ ಕೂತೆನಲ್ಲೇ ಸುಧಾ ಇಷ್ಟು ವರ್ಷ.” ಆಮೇಲೆ ಸೆರಗು ಮುಖಕ್ಕೆ ಹಿಡಿದು ಅತ್ತಳು. ನಾನೂ ಅತ್ತುಬಿಟ್ಟೆ. ರಾಜೇಸಾಬರು ಕಾರಿನ ಕೆಳಗೆ ಏನೋ ನೋಡುವುದಿದೆಯೆಂದು ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ತೀರ್ಪುಗಾರರು ಕನ್ನಡಕ ಒರೆಸಿಕೊಂಡು, “ಈಗ ನೆಟ್ಟಗಿದೆ ತಾಯಿ. ಆದರೆ ನಿಯಮದ ಪ್ರಕಾರ ಅಂಕ ಕೊಡೋಕಾಗಲ್ಲ” ಎಂದರು.

“ಬ್ಯಾಡ್ರಿ” ಎಂದಳು ಅತ್ತೆ ಮೂಗು ಒರೆಸಿಕೊಳ್ಳುತ್ತ. “ಕಳದ ಮಾರ್ಕ್ಸು ನಾನೂ ಯಾರಿಗೂ ತಿರುಗಿ ಕೊಟ್ಟಾಕಿ ಅಲ್ಲ.”

ಹಸಿರು ಕಾರು ಲಾರಿ ಏರಲಿಲ್ಲ. ಟಾಪು ಮಡಚಿ, ಅತ್ತೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇಲಕಲ್ಲಿನವರೆಗೆ ನಾನೇ ಹೊಡೆದೆ, ನನ್ನ ಸಣ್ಣ ಕಾರನ್ನು ರಾಜೇಸಾಬರು ಹಿಂದಿನಿಂದ ತಂದರು. ಹೊರಡುವಾಗ ರಾಜೇಸಾಬರು ನನ್ನ ಅಂಗೈಯಲ್ಲಿ ಒಂದು ಬೋಲ್ಟ್ ಇಟ್ಟರು. “ಇದು ಹೆಚ್ಚಿಂದು ಮೇಡಂ. ದಾರಿಯಾಗ ಒಂದು ಬಿದ್ರ ಬೇಕಾಗತೈತಿ.” ಅದೇ ಈ ಬೋಲ್ಟ್.

ಅಂದು ಒಂದೂ ಬೀಳಲಿಲ್ಲ, ಇಂದಿಗೂ ಬಿದ್ದಿಲ್ಲ. ಪ್ರತಿ ಭಾನುವಾರ ಅತ್ತೆ ಕಲ್ಲಿಗೆ ಕಾಲಿಡುತ್ತಾಳೆ, ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಹೋದ ಭಾನುವಾರ ಮೇಲೆ ಏಳಲು ಎರಡು ಸಲ ಪ್ರಯತ್ನ ಮಾಡಬೇಕಾಯಿತು. ಕಲ್ಲು ಗಟ್ಟಿಯಾಗಿದೆ, ಚೌಕಟ್ಟು ಗಟ್ಟಿಯಾಗಿದೆ. ನನಗೆ ಹೆದರಿಕೆ ಇರುವುದು ಆ ಮೊಣಕಾಲಿನದು, ಅದಕ್ಕೆ ಹೆಚ್ಚಿನದೊಂದು ರಾಜೇಸಾಬರ ಯಾವ ಡಬ್ಬಿಯಲ್ಲೂ ಇಲ್ಲ. ಗೊತ್ತಿದ್ದೂ ಬೋಲ್ಟನ್ನು ಪರ್ಸಿನಿಂದ ತೆಗೆದಿಲ್ಲ.